ಮಳೆನೀರಿಗೂ ಒಂದು ಜಾಗ ಬೇಕು: ಮೂಸಿ ನದಿಯ ದಂಡೆಯಲ್ಲಿ

ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಹೈದರಾಬಾದ್ ಪರವೂರಲ್ಲ. 1948ರವರೆಗೆ ಈ ಜಿಲ್ಲೆಗಳೆಲ್ಲ ನಿಝಾಮರ ಸಂಸ್ಥಾನದಲ್ಲೇ ಇದ್ದವು. ಇಂದಿಗೂ ಮದುವೆಯ ಬಟ್ಟೆಗೆ, ದೊಡ್ಡ ಆಸ್ಪತ್ರೆಗೆ, ಮಕ್ಕಳ ಓದಿಗೆ, ನೆಂಟರ ಮನೆಗೆ ಎಂದು ಆಗೀಗ ಅಲ್ಲಿಗೆ ಹೋಗದ ಕುಟುಂಬ ಈ ಭಾಗದಲ್ಲಿ ಕಡಿಮೆ. ನಮ್ಮ ಬಸ್ಸುಗಳು ನಿಲ್ಲುವುದು ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ. ಹಳಬರು ಅದನ್ನು 'ಇಮ್ಲಿಬನ್' ಎನ್ನುತ್ತಾರೆ. ಇಮ್ಲಿ ಎಂದರೆ ಹುಣಸೆ, ಬನ್ ಎಂದರೆ ತೋಪು. ಚೀಲ ಇಳಿಸಿಕೊಂಡು ಆಟೋ ಹುಡುಕುವ ಗಡಿಬಿಡಿಯಲ್ಲಿ, ತಾವು ನಿಂತಿರುವುದು ಮೂಸಿ ನದಿಯ ಪಾತ್ರದ ನಡುವೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅದು ಎಲ್ಲರ ಗಮನಕ್ಕೂ ಬಂತು. ಮೇಲ್ಭಾಗದಲ್ಲಿ ಭಾರೀ ಮಳೆಯಾಗಿ ಜಲಾಶಯಗಳ ಬಾಗಿಲು ತೆರೆದಾಗ ಮೂಸಿ ಉಕ್ಕಿತು. ನೀರು ಬಸ್ ನಿಲ್ದಾಣದೊಳಕ್ಕೆ ನುಗ್ಗಿತು. ಪ್ರಯಾಣಿಕರನ್ನು ಅಲ್ಲಿಂದ ಹೊರಗೆ ಕರೆತರಬೇಕಾಯಿತು. ವರ್ಷದ ಹೆಚ್ಚಿನ ತಿಂಗಳು ಕಪ್ಪು ಚರಂಡಿಯಂತೆ ಹರಿಯುವ ಈ ನದಿ ಇಷ್ಟು ನೀರನ್ನು ಎಲ್ಲಿಂದ ತರುತ್ತದೆ? ನೂರಾರು ವರ್ಷ ಬಾಳಿದ ಒಂದು ನಗರ ಕೆಲವು ತಾಸಿನ ಮಳೆಗೆ ಏಕೆ ತತ್ತರಿಸುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಆ ನಗರದಲ್ಲೇ ಇದೆ. ಚಾರ್‌ಮಿನಾರ್, ಸಾಲಾರ್ ಜಂಗ್ ವಸ್ತು ಸಂಗ್ರಹಾಲಯ ನೋಡಿ ಮರಳುವ ನಾವು, ಒಂದು ದಿನವನ್ನು ನೀರಿನ ದಾರಿ ಹಿಡಿದು ನಡೆಯಲು ಇಟ್ಟುಕೊಂಡರೆ ಆ ಉತ್ತರ ಕಣ್ಣಿಗೆ ಬೀಳುತ್ತದೆ.

ಹುಣಸೆ ಮರ ಮತ್ತು ರಮಝಾನಿನ ಆ ದಿನ

ಬಸ್ ನಿಲ್ದಾಣದಿಂದ ಅಫ್ಝಲ್‌ಗಂಜ್ ಹತ್ತಿರವೇ. ಅಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆ ಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿಯಲ್ಲಿ ಮಹಾಪೂರ ಬಂದಾಗ ಈ ಮರ ಹತ್ತಿ ಕುಳಿತ ಸುಮಾರು 150 ಜನ ಬದುಕುಳಿದರೆಂದು ಹೇಳುತ್ತಾರೆ. ಈಗಲೂ ಪ್ರತಿವರ್ಷ ಅದೇ ದಿನ ಕೆಲವರು ಮರದಡಿ ಸೇರಿ ಅಂದು ತೀರಿಕೊಂಡವರನ್ನು ಸ್ಮರಿಸುತ್ತಾರೆ.

ಹಿಜರಿ ಲೆಕ್ಕದಲ್ಲಿ ಅದು 1326ರ ರಮಝಾನ್ ತಿಂಗಳ ಆರಂಭ. ಉಪವಾಸದ ಮೊದಲ ದಿನಗಳು. ನಗರದ ನೈರುತ್ಯಕ್ಕಿರುವ ಶಂಶಾಬಾದಿನಲ್ಲಿ 48 ತಾಸುಗಳಲ್ಲಿ ಸುಮಾರು 19 ಇಂಚು ಮಳೆ ಸುರಿದಿತ್ತು. ನದಿಗೆ ಅಡ್ಡಲಾಗಿದ್ದ ಅಫ್ಝಲ್ ಸೇತುವೆ, ಮುಸಲ್ಲಮ್ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. 1578ರಲ್ಲಿ ಕಟ್ಟಿದ ಪುರಾನಾ ಪುಲ್ ಮಾತ್ರ ಉಳಿಯಿತು. ಸುಮಾರು 19,000 ಮನೆಗಳು ಕುಸಿದವು. ಸತ್ತವರು ಹದಿನೈದು ಸಾವಿರದಷ್ಟು ಎಂಬ ಅಂದಾಜಿದೆ. ಆರನೆಯ ನಿಝಾಮ ಮೀರ್ ಮಹಬೂಬ್ ಅಲಿ ಖಾನ್ ನಿರಾಶ್ರಿತರಿಗೆ ಅರಮನೆಗಳ ಬಾಗಿಲು ತೆರೆಸಿದರು.

ಲೆಕ್ಕದಲ್ಲಿ ದುಃಖದ ಅಳತೆ ಸಿಗುವುದಿಲ್ಲ. ಉರ್ದುವಿನ ರುಬಾಯಿ ಕವಿ ಅಮ್ಜದ್ ಹೈದರಾಬಾದಿಯವರ ಹೆಸರು ನಮ್ಮ ಮನೆಗಳಲ್ಲಿ ಹಿರಿಯರು ಕೇಳಿರುತ್ತಾರೆ. ಅವರ ತಾಯಿ, ಪತ್ನಿ, ಪುಟ್ಟ ಮಗಳು ಮೂವರೂ ಆ ಪ್ರವಾಹದಲ್ಲಿ ಅವರ ಕಣ್ಣೆದುರೇ ಕೊಚ್ಚಿಹೋದರು. ಮನೆಯಲ್ಲಿ ಉಳಿದದ್ದು ಅವರೊಬ್ಬರೇ. ಸಹನೆ, ಅಲ್ಲಾಹನ ಮೇಲಿನ ಭರವಸೆ ಅವರ ಕಾವ್ಯದಲ್ಲಿ ಮತ್ತೆ ಮತ್ತೆ ಬರುವುದನ್ನು ಓದುವಾಗ ಮೂಸಿಯ ಆ ದಿನವನ್ನು ಮರೆಯಲಾಗುವುದಿಲ್ಲ.

ವಿಶ್ವೇಶ್ವರಯ್ಯನವರು ಕಂಡ ಕಾರಣ

ದುರಂತದ ಮರುವರ್ಷ, 1909ರಲ್ಲಿ, ಹೈದರಾಬಾದ್ ಸರಕಾರ ಒಬ್ಬ ಕನ್ನಡಿಗ ಇಂಜಿನಿಯರರನ್ನು ಕರೆಸಿತು. ಅವರೇ ಎಂ. ವಿಶ್ವೇಶ್ವರಯ್ಯ. ಮುಂಬಯಿ ಪ್ರಾಂತದ ನೌಕರಿಯಿಂದ ಆಗ ತಾನೇ ನಿವೃತ್ತರಾಗಿದ್ದರು. ಮೈಸೂರಿನ ಮುಖ್ಯ ಇಂಜಿನಿಯರ್ ಹುದ್ದೆಗೆ ಹೋಗುವ ಮೊದಲು ಅವರು ಹೈದರಾಬಾದಿನ ಈ ಕೆಲಸ ಮುಗಿಸಿಕೊಟ್ಟರು.

ನಗರದೊಳಗಿನ ನದಿಯನ್ನು ಮಾತ್ರ ನೋಡಿ ಅವರು ವರದಿ ಬರೆಯಲಿಲ್ಲ. ನದಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಮೇಲಕ್ಕೆ ಹೋಗಿ ಲೆಕ್ಕ ಹಾಕಿದರು. ಮೂಸಿಯ ಜಲಾನಯನದಲ್ಲಿ ಆಗ 788 ಕೆರೆಗಳಿದ್ದವು. ಅವುಗಳಲ್ಲಿ 221 ಕೆರೆಗಳ ಏರಿಗಳು ಆ ಮಳೆಗೆ ಒಡೆದಿದ್ದವು. ಒಂದು ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಗೆ ಬೀಳುತ್ತದೆ. ಅದರ ಭಾರಕ್ಕೆ ಆ ಕೆರೆಯೂ ಒಡೆಯುತ್ತದೆ. ಹೀಗೆ ಸರಪಳಿಯಾಗಿ ಬಂದ ನೀರು ಒಂದೇ ಸಲಕ್ಕೆ ನಗರದ ಮೇಲೆ ಬಿತ್ತು.

ಅವರು ಸೂಚಿಸಿದ ಪರಿಹಾರ ಈಗಲೂ ಪಾಠದಂತಿದೆ. ನಗರದೊಳಗೆ ದಂಡೆ ಎತ್ತರಿಸುವುದು ಬೇಕು, ಆದರೆ ಅಷ್ಟೇ ಸಾಲದು. ನೀರನ್ನು ನಗರಕ್ಕೆ ಬರುವ ಮೊದಲೇ ತಡೆದು ಹಿಡಿದಿಟ್ಟು, ನಿಧಾನವಾಗಿ ಬಿಡಬೇಕು. ಈ ಸಲಹೆಯಂತೆ ಮೂಸಿಗೆ ಅಡ್ಡಲಾಗಿ ಗಂಡಿಪೇಟೆಯಲ್ಲಿ ಉಸ್ಮಾನ್ ಸಾಗರ 1920ರಲ್ಲೂ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲೂ ಪೂರ್ಣಗೊಂಡವು. ಏಳನೆಯ ನಿಝಾಮ ಮೀರ್ ಉಸ್ಮಾನ್ ಅಲಿ ಖಾನ್ ಮತ್ತು ಅವರ ಹಿರಿಯ ಮಗನ ಹೆಸರುಗಳು ಇವು.

ಗಂಡಿಪೇಟೆಗೆ ನಗರದಿಂದ ಸುಮಾರು 20 ಕಿಲೋಮೀಟರ್. ಸಂಜೆ ಹೊತ್ತು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬಂದು ದಂಡೆಯ ಮೇಲೆ ಕೂರುತ್ತವೆ. ಮಕ್ಕಳಿಗೆ ಅದು ನೀರು ತುಂಬಿದ ದೊಡ್ಡ ಕೆರೆ. ಆದರೆ ಅದನ್ನು ಕಟ್ಟಿದ ಉದ್ದೇಶದಲ್ಲಿ ಮುಖ್ಯವಾದದ್ದು ಅದರ ಖಾಲಿ ಜಾಗ. ದೊಡ್ಡ ಮಳೆ ಬಂದಾಗ ಹಿಡಿಯಲು ಒಂದಿಷ್ಟು ಜಾಗ ಖಾಲಿ ಉಳಿದಿರಬೇಕು. ತುಂಬಿರುವಾಗಲೇ ಮತ್ತೆ ದೊಡ್ಡ ಮಳೆ ಬಂದರೆ ಬಾಗಿಲು ತೆರೆಯದೆ ಗತ್ಯಂತರವಿಲ್ಲ.

ಈ ಜಲಾಶಯಗಳ ಸುತ್ತಲಿನ 10 ಕಿ.ಮೀ. ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕಟ್ಟಡ, ಕಾರ್ಖಾನೆಗಳಿಗೆ 1996ರಲ್ಲಿ ಸರಕಾರಿ ಆದೇಶ ನಿರ್ಬಂಧ ಹಾಕಿತ್ತು. 2022ರಲ್ಲಿ ಆ ನಿರ್ಬಂಧವನ್ನು ಸಡಿಲಿಸಲಾಯಿತು. ಮಣ್ಣಿದ್ದಲ್ಲಿ ಕಾಂಕ್ರೀಟ್ ಬಂದರೆ ಜಲಾಶಯಕ್ಕೆ ನೀರು ಬರುವ ವೇಗವೂ ಬದಲಾಗುತ್ತದೆ ಎಂಬ ಆತಂಕ ಪರಿಸರ ತಜ್ಞರದು.

ಕೆರೆಗಳ ಹೆಸರು ಉಳಿದಿದೆ, ಕೆರೆ ಎಲ್ಲಿ?

ವಿಶ್ವೇಶ್ವರಯ್ಯನವರಿಗಿಂತ ಮೊದಲೂ ಈ ನಗರಕ್ಕೆ ನೀರನ್ನು ಹಿಡಿದಿಡುವ ವಿದ್ಯೆ ಗೊತ್ತಿತ್ತು. ಹುಸೇನ್ ಸಾಗರವನ್ನು ಕಟ್ಟಿದ್ದು 1562ರ ಸುಮಾರಿಗೆ. ಅಂದರೆ 1591ರಲ್ಲಿ ಹೈದರಾಬಾದ್ ಹುಟ್ಟುವ ಮೊದಲೇ ಕೆರೆ ಹುಟ್ಟಿತ್ತು! ಅದರ ಕೆಲಸ ಮಾಡಿಸಿದ ಹುಸೇನ್ ಶಾಹ್ ವಲಿಯವರು ಕಲಬುರಗಿಯ ಖ್ವಾಜಾ ಬಂದೇ ನವಾಝರ ವಂಶದವರೆಂದು ಹೇಳುತ್ತಾರೆ. ಹಳೆಯ ನಗರದ ನೈರುತ್ಯಕ್ಕಿರುವ ಮೀರ್ ಆಲಂ ಕೆರೆಯ ಕಟ್ಟೆ ಇನ್ನೊಂದು ವಿಶೇಷ. ಇಪ್ಪತ್ತಕ್ಕೂ ಹೆಚ್ಚು ಅರ್ಧವೃತ್ತದ ಕಮಾನುಗಳನ್ನು ಅಡ್ಡ ಮಲಗಿಸಿದಂತೆ ಸಾಲಾಗಿ ಜೋಡಿಸಿದ ಈ ಕಟ್ಟೆ 1806ರ ಸುಮಾರಿನದು. 1799ರಲ್ಲಿ ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧದಲ್ಲಿ ನಿಝಾಮರ ಸೈನ್ಯದೊಂದಿಗೆ ಬಂದಿದ್ದ ಮೀರ್ ಆಲಂ, ಶ್ರೀರಂಗಪಟ್ಟಣದ ಪತನದ ಬಳಿಕ ತನಗೆ ದೊರೆತ ಹಣದಿಂದ ಇದನ್ನು ಕಟ್ಟಿಸಿದನಂತೆ. ಕರ್ನಾಟಕದಿಂದ ಹೋದವರಿಗೆ ಆ ಕಟ್ಟೆಯ ಮುಂದೆ ನಿಂತಾಗ ಮನಸ್ಸು ಒಂದು ಗಳಿಗೆ ಭಾರವಾಗುತ್ತದೆ.

ಇನ್ನು ಮಸಾಬ್ ಟ್ಯಾಂಕ್. ಮೇಲ್ಸೇತುವೆಯ ಕೆಳಗೆ ವಾಹನಗಳು ಗಿಜಿಗುಡುವ ಈ ಜಾಗದ ನಿಜವಾದ ಹೆಸರು 'ಮಾ ಸಾಹೇಬಾ ತಾಲಾಬ್'. ಕುತುಬ್ ಶಾಹಿ ಮನೆತನದ ರಾಜಮಾತೆಯ ಹೆಸರಿನ ಕೆರೆ ಅದು. ಜನರ ಬಾಯಲ್ಲಿ ಮಾ ಸಾಹೇಬಾ ಮಸಾಬ್ ಆಯಿತು, ಕಾಲಾನಂತರ ಕೆರೆಯೂ ಮಾಯವಾಯಿತು. ಒಬ್ಬ ಮಹಿಳೆಯ ಹೆಸರಿನಲ್ಲಿ ನಡೆದ ಸತ್ಕಾರ್ಯದ ನೆನಪಿಗೆ ಈಗ ಬಸ್ಸಿನ ಫಲಕವಷ್ಟೇ ಉಳಿದಿದೆ.

ಕೆರೆ ಹೋದರೆ ಏನಾಗುತ್ತದೆ? ಹೈದರಾಬಾದಿನ ನೆಲ ಬಂಡೆಗಳ ನೆಲ, ಏರುತಗ್ಗಿನ ನೆಲ. ಎತ್ತರದಲ್ಲಿ ಬಿದ್ದ ಮಳೆ ಒಂದು ಕೆರೆಯನ್ನು ತುಂಬಿ, ಕೋಡಿ ಹರಿದು, ನಾಲೆಯಲ್ಲಿ ಇಳಿದು ಮುಂದಿನ ಕೆರೆಗೆ ಸೇರುತ್ತಿತ್ತು. ಹೊಲ, ತೋಟ, ಅಂಗಳಗಳ ಮಣ್ಣು ಒಂದಷ್ಟು ನೀರನ್ನು ಕುಡಿಯುತ್ತಿತ್ತು. ನದಿಗೆ ಬರುವಷ್ಟರಲ್ಲಿ ನೀರಿನ ರಭಸ ಇಳಿದಿರುತ್ತಿತ್ತು. ಈಗ ತಾರಸಿ, ಡಾಂಬರು, ಸಿಮೆಂಟಿನ ಮೇಲೆ ಬಿದ್ದ ಮಳೆಗೆ ಇಳಿಯಲು ಮಣ್ಣಿಲ್ಲ, ನಿಲ್ಲಲು ಕೆರೆಯಿಲ್ಲ. ನಾಲ್ಕು ತಾಸಿನಲ್ಲಿ ಹೋಗಬೇಕಾದ ನೀರು ಅರ್ಧ ತಾಸಿನಲ್ಲಿ ಚರಂಡಿಗೆ ಬಂದರೆ ಯಾವ ಚರಂಡಿ ತಡೆದುಕೊಳ್ಳುತ್ತದೆ? ಅದರಲ್ಲೂ ಪ್ಲಾಸ್ಟಿಕ್ ಚೀಲಗಳಿಂದ ಅರ್ಧ ಕಟ್ಟಿಕೊಂಡ ಚರಂಡಿ?

2020ರ ಅಕ್ಟೋಬರ್: ಒಂದು ಮನೆಯ ಕಥೆ

2020ರ ಅಕ್ಟೋಬರ್ 13ರಂದು ನಗರದ ಅಂಚಿನ ಘಟ್‌ಕೇಸರ್ ಕಡೆ ಒಂದೇ ದಿನ 32 ಸೆಂಟಿಮೀಟರ್ ಮಳೆಯಾಯಿತು. ಹಳೆಯ ನಗರದ ದಕ್ಷಿಣದ ಪಲ್ಲೆ ಚೆರುವಿನ ಏರಿ ಒಡೆಯಿತು. ಕೆಲವೇ ದಿನಗಳಲ್ಲಿ ಗುರ್ರಂ ಚೆರುವಿನ ಏರಿಯೂ ಒಡೆಯಿತು. ಅಲಿನಗರ, ಹಾಫಿಝ್ ಬಾಬಾ ನಗರ, ಅಲ್ ಜುಬೈಲ್ ಕಾಲೊನಿಗಳಲ್ಲಿ ನೀರು ಮನೆಯೊಳಗೆ ಆಳೆತ್ತರ ನಿಂತಿತು. ಜಲ್‌ಪಲ್ಲಿ ಕಡೆಯ ಉಸ್ಮಾನ್ ನಗರದಲ್ಲಂತೂ ಎಷ್ಟೋ ಮನೆಗಳು ತಿಂಗಳುಗಟ್ಟಲೆ ನೀರಿನಲ್ಲೇ ಇದ್ದವು. ಬಹುಪಾಲು ಇವೆಲ್ಲ ನಮ್ಮ ಸಮುದಾಯದ ಬಡ ಮತ್ತು ಮಧ್ಯಮ ವರ್ಗದ ಕುಟುಂಬಗಳ ಮನೆಗಳು. ಗಲ್ಫಿನಲ್ಲಿ ದುಡಿದ ಹಣ, ಮಾರಿದ ಒಡವೆ, ಚೀಟಿ ಎತ್ತಿದ ದುಡ್ಡು ಸೇರಿಸಿ ಕಟ್ಟಿದ ಗೋಡೆಗಳು.

ಫಲಕ್‌ನುಮಾ ಕಡೆಯ ತಗ್ಗು ಬಡಾವಣೆಯೊಂದರಲ್ಲಿ ನಮ್ಮ ತಾಯಿಯ ಕಡೆಯ ಸಂಬಂಧಿ ಖಾಲಾ ಒಬ್ಬರು ಇದ್ದಾರೆ. ಅವರ ಮನೆಯ ಹಾಲಿನ ಗೋಡೆಯಲ್ಲಿ ನೀರು ನಿಂತ ಗುರುತು, ಎರಡು ಸಲ ಸುಣ್ಣ ಬಳಿದರೂ, ಈಗಲೂ ಮಸುಕಾಗಿ ಕಾಣುತ್ತದೆ.

"ರಾತ್ರಿ ಬಾಗಿಲ ಸಂದಿಯಿಂದ ನೀರು ಬಂತು ಬೇಟಾ. ಮೊದಲು ಬಟ್ಟೆ ಒತ್ತಿ ತಡೆದೆ. ಆಮೇಲೆ ಸ್ನಾನದ ಮನೆಯ ಮೋರಿಯಿಂದಲೇ ಉಕ್ಕತೊಡಗಿತು. ಮಕ್ಕಳನ್ನೂ ಕುರ್‌ಆನ್ ಷರೀಫನ್ನೂ ಎತ್ತಿಕೊಂಡು ತಾರಸಿಗೆ ಹೋದೆವು. ಹೊಲಿಗೆ ಯಂತ್ರ ಕೆಳಗೇ ಉಳಿಯಿತು. ಅದರಿಂದಲೇ ನಮ್ಮ ಮನೆ ನಡೆಯುತ್ತಿತ್ತು."

"ಈ ಜಾಗ ಕೆರೆಯದ್ದೆಂದು ಕೊಳ್ಳುವಾಗ ನಿಮಗೆ ಗೊತ್ತಿರಲಿಲ್ಲವೇ ಖಾಲಾ?" ಎಂದು ಕೇಳಿದೆ.

"ಯಾರು ಹೇಳುತ್ತಾರೆ? ಬೇಸಗೆಯಲ್ಲಿ ತೋರಿಸಿದರು, ಒಣ ಮೈದಾನ. ಉಳಿದ ಕಡೆಗಿಂತ ಅರ್ಧ ಬೆಲೆ. ಕಾಗದ ಕೊಟ್ಟರು, ಕರೆಂಟು ಬಂತು, ನಲ್ಲಿ ಬಂತು. ಸರಿಯಾದ ಜಾಗವೆಂದೇ ತಿಳಿದೆವು."

ಈ ಮಾತು ಒಂದು ಮನೆಯದಲ್ಲ. ಕೆರೆಯಂಗಳವನ್ನು ನಿವೇಶನವಾಗಿ ಕತ್ತರಿಸಿ ಮಾರಿದವರು ಹಣ ಎಣಿಸಿಕೊಂಡು ಹೋಗುತ್ತಾರೆ. ನೀರು ಬಂದಾಗ ಮುಳುಗುವವರು ಕೊಂಡವರು. 2024ರಲ್ಲಿ ತೆಲಂಗಾಣ ಸರಕಾರ 'ಹೈಡ್ರಾ' ಎಂಬ ಸಂಸ್ಥೆ ರಚಿಸಿ ಕೆರೆ ಒತ್ತುವರಿಗಳ ತೆರವು ಆರಂಭಿಸಿದಾಗ ಮನೆ ಕಳೆದುಕೊಳ್ಳುವ ಭಯವೂ ಇಂತಹವರ ಮೇಲೆಯೇ ಬಿತ್ತು. ಕೆರೆ ಉಳಿಯಬೇಕು, ಸಂದೇಹವಿಲ್ಲ. ಆದರೆ ಮೋಸಹೋದವರಿಗೆ ಬೇರೆ ಸೂರು ಕೊಡುವುದೂ ಮೋಸ ಮಾಡಿದವರನ್ನು ಹಿಡಿಯುವುದೂ ಆ ನ್ಯಾಯದ ಭಾಗವೇ ಆಗಬೇಕು.

ಮರಳಿ ಬಂದ ಬಾವಿಗಳು

ನಿರಾಶೆಯ ಚಿತ್ರ ಮಾತ್ರ ಇಲ್ಲ. ಗೋಲ್ಕೊಂಡದ ಬಳಿಯ ಕುತುಬ್ ಶಾಹಿ ಗೋರಿಗಳ ಆವರಣದಲ್ಲಿ 'ಬಡೀ ಬಾವ್ಲಿ' ಎಂಬ ಮೆಟ್ಟಿಲು ಬಾವಿ ಇದೆ. 2013ರ ಮಳೆಗೆ ಅದರ ಒಂದು ಪಾರ್ಶ್ವ ಕುಸಿದಿತ್ತು. ಆಗಾ ಖಾನ್ ಟ್ರಸ್ಟಿನವರು ಹೂಳು ತೆಗೆದು, ಕಲ್ಲು ಕಟ್ಟಿ ಅದನ್ನು ಮತ್ತೆ ನಿಲ್ಲಿಸಿದರು. ಸುತ್ತಲಿನ ಆವರಣದಲ್ಲಿ ಬಿದ್ದ ಮಳೆ ಈಗ ಅದಕ್ಕೆ ಇಳಿಯುತ್ತದೆ, ಆ ನೀರೇ ಅಲ್ಲಿನ ಗಿಡಮರಗಳಿಗೆ. ಗೋಲ್ಕೊಂಡದ ಈ ಬಾವಿಗಳ ಕೆಲಸಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಬಂತು. ಅದೇ ವರ್ಷ ಸಿಕಂದರಾಬಾದಿನ ಬನ್ಸಿಲಾಲ್‌ಪೇಟೆಯಲ್ಲಿ ಕಸದಿಂದ ಮುಚ್ಚಿಹೋಗಿದ್ದ ಇನ್ನೊಂದು ಮೆಟ್ಟಿಲು ಬಾವಿ ಬೆಳಕು ಕಂಡಿತು. ಅಂಬರ್‌ಪೇಟೆಯ ಬತುಕಮ್ಮ ಕುಂಟೆ 2025ರಲ್ಲಿ ಮತ್ತೆ ನೀರು ತುಂಬಿಕೊಂಡಿತು. ರಸ್ತೆಯಲ್ಲಿ ಸದಾ ನೀರು ನಿಲ್ಲುವ ಕೆಲವು ಜಾಗಗಳಲ್ಲಿ ನೆಲದಡಿ ದೊಡ್ಡ ತೊಟ್ಟಿ ಕಟ್ಟಿ, ಮಳೆಯ ನೀರನ್ನು ಹಿಡಿದಿಟ್ಟು, ಮಳೆ ನಿಂತ ಮೇಲೆ ಬಿಡುವ ವ್ಯವಸ್ಥೆಯೂ ನಡೆದಿದೆ.

ಇವೆಲ್ಲದರ ಹಿಂದೆ ಇರುವುದು ಒಂದೇ ವಿಚಾರ. ಮಳೆನೀರನ್ನು ಆದಷ್ಟು ಬೇಗ ಓಡಿಸುವುದು ಹಳೆಯ ಚರಂಡಿಯ ಲೆಕ್ಕ. ಬಿದ್ದಲ್ಲೇ ಇಂಗಿಸು, ಇಂಗದ್ದನ್ನು ಹಿಡಿದಿಡು, ಉಳಿದದ್ದನ್ನು ನಿಧಾನವಾಗಿ ಬಿಡು ಎಂಬುದು ಈಗ ಜಗತ್ತಿನ ಅನೇಕ ನಗರಗಳು ಕಲಿಯುತ್ತಿರುವ ಲೆಕ್ಕ.

ಪ್ರವಾದಿವರ್ಯರ(ಸ) ಆ ಪ್ರಾರ್ಥನೆ

ಹದೀಸ್ ಗ್ರಂಥಗಳಲ್ಲಿ ಹಝ್ರತ್ ಅನಸ್(ರ) ವರದಿ ಮಾಡಿದ ಒಂದು ಪ್ರಸಂಗವಿದೆ. ಬರಗಾಲದಲ್ಲಿ ಒಂದು ಶುಕ್ರವಾರ ಒಬ್ಬ ವ್ಯಕ್ತಿ ಮಸೀದಿಗೆ ಬಂದು ಮಳೆಗಾಗಿ ಪ್ರಾರ್ಥಿಸುವಂತೆ ಪ್ರವಾದಿವರ್ಯರಲ್ಲಿ(ಸ) ಕೇಳಿಕೊಂಡರು. ಪ್ರವಾದಿವರ್ಯರು(ಸ) ಕೈ ಎತ್ತಿ ಪ್ರಾರ್ಥಿಸಿದರು. ಮಳೆ ಬಂತು, ವಾರವಿಡೀ ಸುರಿಯಿತು. ಮುಂದಿನ ಶುಕ್ರವಾರ ಮನೆಗಳು ಕುಸಿಯುತ್ತಿವೆ, ಸೊತ್ತು ಮುಳುಗುತ್ತಿದೆ ಎಂಬ ದೂರು ಬಂತು. ಆಗ ಅವರು ಮಳೆ ನಮ್ಮ ಮೇಲೆ ಬೇಡ, ನಮ್ಮ ಸುತ್ತಲೂ ಬೀಳಲಿ, ಗುಡ್ಡಗಳ ಮೇಲೆ, ಕಣಿವೆಗಳ ಒಡಲಲ್ಲಿ, ಮರಗಿಡ ಬೆಳೆಯುವ ಜಾಗಗಳಲ್ಲಿ ಬೀಳಲಿ ಎಂಬರ್ಥದಲ್ಲಿ ಪ್ರಾರ್ಥಿಸಿದರು.

ಮದ್ರಸಾದಲ್ಲಿ ಈ ಹದೀಸನ್ನು ಓದುವಾಗ ನಾವು ದುಆ ಸ್ವೀಕೃತವಾದ ಅದ್ಭುತವನ್ನಷ್ಟೇ ಗಮನಿಸುತ್ತೇವೆ. ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಅಲ್ಲಾಹನ ಅನುಗ್ರಹವಾದ ಮಳೆಯನ್ನು ನಿಲ್ಲಿಸೆಂದು ಪ್ರವಾದಿವರ್ಯರು(ಸ) ಬೇಡಲಿಲ್ಲ. ಅದು ಸೇರಬೇಕಾದ ಜಾಗಕ್ಕೆ ಸೇರಲಿ ಎಂದು ಬೇಡಿದರು. ಆ ಗುಡ್ಡ, ಆ ಕಣಿವೆ, ಆ ಮರದ ಬುಡ ಎಲ್ಲವನ್ನೂ ನಾವೇ ಸಿಮೆಂಟಿನಿಂದ ಮುಚ್ಚಿದರೆ ಮಳೆ ಹೋಗಬೇಕಾದದ್ದು ಎಲ್ಲಿಗೆ? ಆಕಾಶದಿಂದ ಒಂದು ಪ್ರಮಾಣದಲ್ಲಿ ಇಳಿಸಿದ ನೀರನ್ನು ಭೂಮಿಯಲ್ಲಿ ತಂಗಿಸುವುದನ್ನು ಪವಿತ್ರ ಕುರ್‌ಆನಿನ 'ಅಲ್ ಮುಅ್‌ಮಿನೂನ್' ಅಧ್ಯಾಯ ಅಲ್ಲಾಹನ ಅನುಗ್ರಹವೆಂದು ಹೇಳುತ್ತದೆ. ತಂಗಲು ಜಾಗವನ್ನು ಮುಚ್ಚದಿರುವುದು ನಮ್ಮ ಹೊಣೆ.

ಮನೆಯಿಂದಲೇ ಆರಂಭ

ಸಹೋದರಿಯರೇ, ಜಲಾಶಯ ಕಟ್ಟುವುದು ಸರಕಾರದ ಕೆಲಸ. ಆದರೆ ಒಂದು ಸಣ್ಣ ಲೆಕ್ಕ ನೋಡಿ. 30x40 ನಿವೇಶನದ ಪೂರ್ತಿ ತಾರಸಿ 1,200 ಚದರ ಅಡಿ. ಅದರ ಮೇಲೆ 10 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 11,000 ಲೀಟರ್ ನೀರು. ಅಂತಹ ನೂರು ಮನೆಗಳ ಓಣಿಯಿಂದ 11 ಲಕ್ಷ ಲೀಟರ್ ಒಂದೇ ಹೊತ್ತಿಗೆ ಚರಂಡಿಗೆ ಇಳಿಯುತ್ತದೆ. ಬೇಸಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸುವ ಅದೇ ನೀರು ಮಳೆಗಾಲದಲ್ಲಿ ಕೆಳಗಿನ ಓಣಿಯವರ ಮನೆಗೆ ನುಗ್ಗುತ್ತದೆ.

ತಾರಸಿಯ ಕೊಳವೆಗೆ ಜಲ್ಲಿ, ಇದ್ದಿಲು, ಮರಳಿನ ಸೋಸುವ ತೊಟ್ಟಿ ಸೇರಿಸಿ ನೀರನ್ನು ಸಂಪಿಗೆ ಬಿಡಬಹುದು. ಮೊದಲ ಮಳೆಯ ಕೊಳೆ ನೀರು ಹೊರಹೋಗಲು ಬೇರೆ ಬಾಯಿ ಇರಲಿ. ಕೆಂಪು ಮರಳು ಮಣ್ಣಿದ್ದರೆ ಇಂಗುಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಶೌಚದ ಗುಂಡಿಯಿಂದಲೂ ಗೋಡೆಯ ಬುಡದಿಂದಲೂ ಅದು ದೂರವಿರಬೇಕು. ಕಲಬುರಗಿ ಕಡೆಯ ಕಪ್ಪು ಎರೆ ಮಣ್ಣಿನಲ್ಲಿ ನೀರು ಬಹಳ ನಿಧಾನವಾಗಿ ಇಂಗುವುದರಿಂದ ಅಲ್ಲಿ ಸಂಪಿನಲ್ಲಿ ಕೂಡಿಡುವುದೇ ಮೇಲು. ತಾರಸಿಯ ನೀರನ್ನು ಒಳಚರಂಡಿಗೆ ಮಾತ್ರ ಸೇರಿಸಬೇಡಿ. ಖಾಲಾ ಅವರ ಸ್ನಾನದ ಮನೆಯ ಮೋರಿಯಂತೆ ಎಷ್ಟೋ ಮನೆಗಳಲ್ಲಿ ಕೊಳಚೆ ಉಕ್ಕಲು ಇದೂ ಒಂದು ಕಾರಣ. ಗುಡಿಸಲು ಸುಲಭವೆಂದು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸುವ ಬದಲು ಒಂದು ಮೂಲೆಯ ಮಣ್ಣು ಉಳಿಸಿ ಕರಿಬೇವು, ನುಗ್ಗೆ ನೆಡಿ.

ನಮ್ಮ ಮಸೀದಿ, ಮದ್ರಸಾ, ಶಾದಿ ಮಹಲ್‌ಗಳ ತಾರಸಿಗಳು ಮನೆಗಿಂತ ಎಷ್ಟೋ ದೊಡ್ಡವು. ಅಲ್ಲಿನ ಮಳೆನೀರು ಒಂದು ಬಾವಿಗೆ ಇಳಿದರೆ, ವುಝೂವಿನ ನೀರು ಒಂದು ತೋಟಕ್ಕೆ ಹರಿದರೆ, ಅದು ನಿರಂತರ ದಾನವಾಗದೇ? ಸಮಿತಿಯವರ ಮುಂದೆ ಈ ವಿಷಯವನ್ನು ಇಡಲು ಮನೆಯ ಗಂಡಸರಿಗೆ ನೆನಪಿಸುವ ಕೆಲಸವನ್ನು ನೀವು ಮಾಡಬಲ್ಲಿರಿ.

ಕೊನೆಯದಾಗಿ, ನಿವೇಶನ ಕೊಳ್ಳುವ ಮಾತು ಮನೆಯಲ್ಲಿ ಬಂದಾಗ ಬೆಲೆ, ಕಾಗದಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ನೀವೇ ಕೇಳಿ: 'ಮಳೆಗಾಲದಲ್ಲಿ ಈ ಜಾಗ ಹೇಗಿರುತ್ತದೆ?' ಸರ್ವೆ ನಕಾಶೆಯಲ್ಲಿ ಅಲ್ಲಿ ಕೆರೆ, ಹಳ್ಳ, ನಾಲೆ ಇತ್ತೇ ಎಂದು ನೋಡಿಸಿ. ಸುತ್ತಲಿನ ಹಳೆಯ ಮನೆಗಳ ಹೆಂಗಸರನ್ನು ವಿಚಾರಿಸಿ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮಾರುವವರು ನಮ್ಮವರೇ ಆಗಿದ್ದರೂ ಕೇಳಲು ಸಂಕೋಚ ಬೇಡ. ದೋಷವನ್ನು ಮುಚ್ಚಿಟ್ಟು ಮಾರುವುದನ್ನು ಇಸ್ಲಾಮ್ ಎಂದೂ ಒಪ್ಪಿಲ್ಲ.

ಮಳೆಯನ್ನು ಅನುಗ್ರಹವಾಗಿ ಕಳಿಸುವ ಅಲ್ಲಾಹನು, ಅದಕ್ಕೊಂದು ಜಾಗ ಬಿಡುವ ವಿವೇಕವನ್ನು ನಮಗೂ ನಮ್ಮ ಆಡಳಿತಗಾರರಿಗೂ ಕರುಣಿಸಲಿ. ಆಮೀನ್.